ರಥರಕ್ಷಣ ಮೀಮಾಂಸೆ

ಮಗಳ ಮದುವೆಯನ್ನು ಒಂದು ಸಂಜೆಯ ಉಪ್ಪಿಟ್ಟು ಕಾಫಿಯ ನಡುವೆ ನಿಶ್ಚಯ ಮಾಡಿಬಿಟ್ಟು, ಅದೇ ಮದುವೆಗೆ ಬಂದವರ ಕೈಗೆ ಕೊಡತಕ್ಕ ತಾಂಬೂಲದ ಚೀಲ ಹಸುರಾಗಿರಬೇಕೋ ಹಳದಿಯಾಗಿರಬೇಕೋ ಎಂಬುದನ್ನು ಕುರಿತು ಮೂರು ತಿಂಗಳು ನಿದ್ದೆಗೆಡುವ ಮಹನೀಯರನ್ನು ವಾಚಕರು ತಮ್ಮ ಬಂಧುವರ್ಗದಲ್ಲಿಯೇ ಕಂಡಿರಬಹುದು. ಅವರನ್ನು ಅವಿವೇಕಿಗಳೆಂದು ನಾನು ಹೇಳಲಾರೆ. ದೊಡ್ಡ ವಿಷಯಗಳು ಅವರ ಪಾಲಿಗೆ ದೈವಾಧೀನ. ಸಣ್ಣ ವಿಷಯಗಳು ಮಾತ್ರ ಪುರುಷಪ್ರಯತ್ನಕ್ಕೆ ಬಿಟ್ಟವು. ಆದುದರಿಂದ ಭಗವಂತನು ದಯಪಾಲಿಸಿರುವ ವಿಚಾರಶಕ್ತಿಯನ್ನೆಲ್ಲ ಅವರು ಆ ಸಣ್ಣ ವಿಷಯಗಳ ಮೇಲೆಯೇ ವ್ಯಯಮಾಡುತ್ತಾರೆ. ಈ ಪಂಕ್ತಿಯಲ್ಲಿ ಮೊದಲ ಎಲೆಗೆ ಅರ್ಹರಾದವರು ಬಸವನಗುಡಿಯಲ್ಲಿ ನಮ್ಮ ಎದುರು ಸಾಲಿನಲ್ಲಿ ವಾಸವಾಗಿರುವ ರಾಯರು.

ರಾಯರು ವೃತ್ತಿಯಿಂದ ಲೆಕ್ಕಪರಿಶೋಧಕರು. ವೃತ್ತಿಯನ್ನು ಅವರು ಬಿಟ್ಟು ಕೆಲವು ಕಾಲವಾದರೂ ಅದು ಅವರನ್ನು ಬಿಟ್ಟಿಲ್ಲ. ವೋಚರಿಲ್ಲದೆ ಒಂದು ಗುಂಡುಸೂಜಿಯ ಖರ್ಚನ್ನೂ ಒಪ್ಪದೆ, ಕಛೇರಿ ಕಛೇರಿಗಳಲ್ಲಿ "ಆಕ್ಷೇಪಣೆ ರಾಯರು" ಎಂಬ ಬಿರುದನ್ನು ಸಂಪಾದಿಸಿದ್ದ ಈ ಸದ್ಗೃಹಸ್ಥರು, ತಮ್ಮ ಅರವತ್ತಮೂರನೆಯ ವಯಸ್ಸಿನಲ್ಲಿ, ಪಿತ್ರಾರ್ಜಿತವಾದ ನಿವೇಶನವೊಂದನ್ನು ಅಪಾರ್ಟ್‌ಮೆಂಟು ಕಟ್ಟುವವರಿಗೆ ಒಪ್ಪಿಸಿ, ಬಂದ ಹಣ ಬ್ಯಾಂಕಿನಲ್ಲಿ ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದ ಕಾಲದಲ್ಲಿ, ಒಂದು ಶುಕ್ರವಾರ ಅಕ್ಕನ ಮಗನ ಜೊತೆಗೆ ಕಾರಿನ ಶೋರೂಮಿಗೆ ಹೋದರು. ಕಾರು ಕೊಳ್ಳಬೇಕಾಗಿದ್ದವನು ಅಕ್ಕನ ಮಗ. ಅವನು ಸಾಲದ ಕಂತುಗಳನ್ನು ವಿಚಾರಿಸುತ್ತ ಕುಳಿತಿರಲು, ಮೂಲೆಯ ದೀಪಗಳ ಕೆಳಗೆ ಮಿರುಗುತ್ತಿದ್ದ ಒಂದು ಜರ್ಮನ್ ಸ್ಪೋರ್ಟ್ಸ್ ಕಾರಿನ ಸುತ್ತ ರಾಯರು ಪ್ರದಕ್ಷಿಣೆ ಮಾಡಿದರು. ಅದರೊಳಗೆ ಕಷ್ಟಪಟ್ಟು ಇಳಿದು ಕುಳಿತರು. ಇನ್ನಷ್ಟು ಕಷ್ಟಪಟ್ಟು ಎದ್ದು ಬಂದರು. ಮತ್ತು ಅಂಗಡಿಯವರು ತಂದಿಟ್ಟ ಕಾಫಿ ಆರುವುದರೊಳಗಾಗಿ ಮುಂಗಡದ ಚೆಕ್ಕಿಗೆ ರುಜು ಹಾಕಿದರು. ಅಕ್ಕನ ಮಗ ಅಂದು ಯಾವ ಕಾರನ್ನೂ ಕೊಳ್ಳಲಿಲ್ಲ. ಮಾವನನ್ನು ಮನೆಗೆ ಕರೆತಂದು ಅತ್ತೆಗೆ ವಿಷಯ ತಿಳಿಸುವ ಹೊಣೆ ತನ್ನ ತಲೆಗೆ ಬಂದದ್ದರಿಂದ ಅವನಿಗೆ ಬೇರೆ ಯೋಚನೆಗೆ ಅವಕಾಶವಿರಲಿಲ್ಲ.

ತಯಾರಿಸಿದ ಕಾರ್ಖಾನೆಯ ಹೆಸರು ನಮಗೆ ಬೇಡ. ಎರಡೇ ಆಸನ, ಅವುಗಳ ಬೆನ್ನ ಹಿಂದೆ ಎಂಜಿನು, ಸಾಮಾನು ಇಡತಕ್ಕ ಪೆಟ್ಟಿಗೆ ಕಾರಿನ ಮೂತಿಯಲ್ಲಿ. ನೆಲಕ್ಕೂ ಹೊಟ್ಟೆಗೂ ಒಂದು ಗೇಣಿನ ಅಂತರವಿಲ್ಲ. ನಿಂತಲ್ಲಿಂದ ಐದು ಸೆಕೆಂಡಿನಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗವನ್ನು ಮುಟ್ಟುವ ಈ ವಾಹನ, ಗಾಂಧಿಬಜಾರಿನಿಂದ ರಾಮಕೃಷ್ಣಾಶ್ರಮದ ವೃತ್ತಕ್ಕೆ ಬರಲು, ಸಂಜೆಯ ಹೊತ್ತಾದರೆ, ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತದೆ. ರಸ್ತೆಯ ಉಬ್ಬು ಬಂದರೆ ಅದನ್ನು ನೇರವಾಗಿ ಏರುವಂತಿಲ್ಲ. ಓರೆಯಾಗಿ, ಒಂದೊಂದೇ ಚಕ್ರವನ್ನು ಹತ್ತಿಸಿ ಇಳಿಸಬೇಕು. ಆ ಕಾಲದಲ್ಲಿ ಹಿಂದಿನ ಸ್ಕೂಟರಿನವರು ಏನು ಹೇಳುತ್ತಾರೆಂಬುದನ್ನು ಕೇಳಿಸಿಕೊಳ್ಳದಂತೆ ಗಾಜು ಏರಿಸಿಕೊಂಡಿರಬೇಕು. ಬೀದಿಯ ಮಕ್ಕಳು ಅದಕ್ಕೆ "ಕಪ್ಪೆ" ಎಂದು ನಾಮಕರಣ ಮಾಡಿದ್ದಾರೆ. ಇಪ್ಪತ್ತು ಲಕ್ಷ ಮೀರಿದ ಕಾರಿಗೆ ನಮ್ಮ ರಾಜ್ಯದಲ್ಲಿ ಬೆಲೆಯ ನೂರಕ್ಕೆ 18ರಷ್ಟು ಜೀವಾವಧಿ ತೆರಿಗೆ, ಅದರ ಮೇಲೊಂದು ಸೆಸ್ಸು. ಇದನ್ನು ತಪ್ಪಿಸಿಕೊಳ್ಳಲು ಪುದುಚೇರಿಯ ನಂಬರಿನ ಆಶ್ರಯ ಪಡೆಯುವ ಶ್ರೀಮಂತರ ಉಪಾಯವನ್ನು ರಾಯರು ತಿರಸ್ಕರಿಸಿ, ಪೂರ್ತಿ ಹಣವನ್ನು ಇಲ್ಲಿಯೇ ಕಟ್ಟಿ, ರಶೀತಿಯ ನಕಲನ್ನು ಲ್ಯಾಮಿನೇಟು ಮಾಡಿಸಿ ಇಟ್ಟುಕೊಂಡರು. ಇದೆಲ್ಲ ಸರಾಗವಾಗಿ ನಡೆಯಿತು. ಕಾರು ಮನೆಯ ಪೋರ್ಟಿಕೋದಲ್ಲಿ ನಿಂತು, ಅದಕ್ಕೆ ಕುಂಕುಮ ಹಚ್ಚಿ, ನಾಲ್ಕು ಚಕ್ರಗಳಡಿಯಲ್ಲಿ ನಾಲ್ಕು ನಿಂಬೆಹಣ್ಣು ನಜ್ಜುಗುಜ್ಜಾದ ಮೇಲೆ ಅಕ್ಕನ ಮಗ ಒಂದು ಮಾತು ಆಡಿದ. "ಮಾವ, ಇದಕ್ಕೆ ಒಂದು ಟ್ರ್ಯಾಕರ್ ಹಾಕಿಸಿಬಿಡಿ. ಕಳ್ಳ ಹೊಡೆದುಕೊಂಡು ಹೋದರೆ ಎಲ್ಲಿದೆ ಅಂತ ಗೊತ್ತಾಗುತ್ತೆ. ಹನ್ನೆರಡು ಸಾವಿರ ಆಗಬಹುದು, ಅಷ್ಟೆ."

ಈ ಹನ್ನೆರಡು ಸಾವಿರ ರೂಪಾಯಿಗಳ ವಿಚಾರ ಅಂದು ಆರಂಭವಾದದ್ದು ಇನ್ನೂ ಮುಗಿದಿಲ್ಲ.

ರಾಯರು ಒಂದು ಉದ್ದನೆಯ ಲೆಡ್ಜರನ್ನು ತೆಗೆದರು. ಎಡಗಡೆಯ ಪುಟಕ್ಕೆ ಪೂರ್ವಪಕ್ಷವೆಂದೂ ಬಲಗಡೆಯ ಪುಟಕ್ಕೆ ಸಿದ್ಧಾಂತವೆಂದೂ ಕೆಂಪು ಮಸಿಯಲ್ಲಿ ಶಿರೋನಾಮೆ ಬರೆದರು. ಎಡಗಡೆಯ ಪುಟಗಳು ತುಂಬುತ್ತ ನಡೆದವು. ಬಲಗಡೆಯಲ್ಲಿ ಶಿರೋನಾಮೆಯ ಹೊರತು ಮತ್ತೇನೂ ಕಾಣಲಿಲ್ಲ.

ಪ್ರಥಮತಃ ವಿಮೆಯ ಪ್ರಕರಣ. ಕಳವು ತಡೆಯುವ ಸಾಧನ ಹಾಕಿಸಿದವರಿಗೆ ಕಂತಿನಲ್ಲಿ ರಿಯಾಯಿತಿ ಉಂಟೆಂಬ ಸಂಗತಿಯನ್ನು ಏಜೆಂಟರ ಬಾಯಿಂದ ಕೇಳಿದಾಗ ರಾಯರ ಮುಖ ಅರಳಿತು. ರಿಯಾಯಿತಿಯ ಪರಿಮಾಣವನ್ನು ಕೇಳಿದಾಗ ಆ ಅರಳಿದ ಮುಖ ಇದ್ದಂತೆಯೇ ನಿಂತುಹೋಯಿತು. ನಮ್ಮ ದೇಶದ ಮೋಟಾರು ಟ್ಯಾರಿಫ್ ನಿಯಮದ ಪ್ರಕಾರ, ಪುಣೆಯ ಎ.ಆರ್.ಎ.ಐ. ಸಂಸ್ಥೆಯ ಒಪ್ಪಿಗೆ ಪಡೆದ ಸಾಧನವನ್ನು ಅಳವಡಿಸಿದರೆ, ವಾಹನದ ಸ್ವಂತ ಹಾನಿಯ ಕಂತಿನಲ್ಲಿ ನೂರಕ್ಕೆ ಎರಡೂವರೆ ಮಾಫಿ. ಆದರೆ ಅದು ಯಾವ ಕಾರಣದಿಂದಲೂ 500 ರೂಪಾಯಿ ಮೀರತಕ್ಕದ್ದಲ್ಲ. ಎಂಟು ಲಕ್ಷದ ಕಾರಿಗೂ ಎರಡು ಕೋಟಿಯ ಕಾರಿಗೂ ಅದೇ ಐನೂರರ ಗೆರೆ. ರಾಯರು ಅಲ್ಲಿಯೇ ಲೆಕ್ಕ ಹಾಕಿದರು: ವರ್ಷಕ್ಕೆ ಐನೂರರಂತೆ ಹನ್ನೆರಡು ಸಾವಿರ ಹಿಂದಕ್ಕೆ ಬರಲು ಇಪ್ಪತ್ತನಾಲ್ಕು ವರ್ಷ, ಅಷ್ಟು ಹೊತ್ತಿಗೆ ತಮಗೆ ಎಂಬತ್ತೇಳು, ಆ ವಯಸ್ಸಿನಲ್ಲಿ ಆ ಆಸನದಿಂದ ತಮ್ಮನ್ನು ಮೇಲೆತ್ತಲು ಇಬ್ಬರು ಆಳುಗಳು ಬೇಕಾಗುವುದರಿಂದ ಅವರ ಕೂಲಿ ಪ್ರತ್ಯೇಕ.

ಅಲ್ಲಿಗೆ ಮುಗಿಯಿತೆ? ಇಲ್ಲ. ಕಳವಾದರೆ ವಿಮೆಯವರು ಕೊಡುವುದು ಕೊಂಡ ಬೆಲೆಯನ್ನಲ್ಲ, ಘೋಷಿತ ಮೌಲ್ಯವನ್ನು. ಅದು ಮೊದಲ ಆರು ತಿಂಗಳಲ್ಲಿ ನೂರಕ್ಕೆ 5ರಂತೆ ಇಳಿದು, ವರ್ಷ ತುಂಬುವುದರೊಳಗೆ 15, ಎರಡು ತುಂಬುವುದರೊಳಗೆ 20, ಹೀಗೆ ಇಳಿಯುತ್ತ ಇಳಿಯುತ್ತ ಐದನೆಯ ವರ್ಷಕ್ಕೆ ಅರ್ಧವಾಗಿ ಕೂರುತ್ತದೆ. ಆದುದರಿಂದ ಕಳ್ಳನು ಬರುವುದಾದರೆ ಆದಷ್ಟು ಬೇಗ ಬರುವುದು ಉಭಯತರಿಗೂ ಕ್ಷೇಮ ಎಂಬ ಅಭಿಪ್ರಾಯ ಲೆಡ್ಜರಿನಲ್ಲಿ ದಾಖಲಾಯಿತು. ಅದರ ಕೆಳಗೆ ಇನ್ನೂ ಸೂಕ್ಷ್ಮವಾದ ಒಂದು ಪ್ರಶ್ನೆ: ಟ್ರ್ಯಾಕರ್ ಯಂತ್ರವಿಲ್ಲದ ಕಾರು ಸಿಗದೆ ಹೋದರೆ ಪೊಲೀಸರು 'ಸಿ' ರಿಪೋರ್ಟು ಬರೆದುಕೊಡುತ್ತಾರೆ, ಎರಡು ಬೀಗದ ಕೈಗಳನ್ನೂ ಒಪ್ಪಿಸಿದರೆ ವಿಮೆಯ ಹಣ ಬರುತ್ತದೆ, ಯಂತ್ರವಿರುವ ಕಾರು ಸಿಕ್ಕಿಬಿಟ್ಟರೆ, ಅದೂ ನಾಲ್ಕು ಚಕ್ರ ಕಳೆದುಕೊಂಡು ಯಾವುದೋ ಹಳ್ಳದಲ್ಲಿ ಸಿಕ್ಕಿದರೆ, ಅದನ್ನು ಮನೆಗೆ ತಂದು ರಿಪೇರಿ ಮಾಡಿಸುತ್ತ ಕೂರಬೇಕು. ಹಾಗಾದರೆ ಕಳೆದ ಕಾರು ಸಿಗುವುದು ಲೇಸೋ ಸಿಗದಿರುವುದು ಲೇಸೋ? ಈ ಪ್ರಶ್ನೆಯನ್ನು ರಾಯರು ನನ್ನ ಮುಂದಿಟ್ಟಾಗ ನಾನು, ತಪ್ಪಿಸಿಕೊಳ್ಳುವುದಕ್ಕಾಗಿ, ಎಲ್ಲಕ್ಕಿಂತ ಲೇಸೆಂದರೆ ಕಳೆಯದಿರುವುದಲ್ಲವೆ ಎಂದೆ. ರಾಯರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನೀವು ವಿಷಯದ ಆಳಕ್ಕೆ ಹೋಗುತ್ತಾ ಇಲ್ಲ" ಎಂದರು.

ಆಳಕ್ಕೆ ಹೋಗುವುದಕ್ಕಾಗಿಯೇ ಯಂತ್ರದ ಕಂಪನಿಯಿಂದ ಒಬ್ಬ ತರುಣನನ್ನು ಬರಮಾಡಿಕೊಂಡಿದ್ದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಆಕಾಶದ ಉಪಗ್ರಹಗಳಿಂದ ಇದು ಸ್ಥಾನವನ್ನು ತಿಳಿದು, ಒಳಗಿನ ಸಿಮ್ಮಿನ ಮೂಲಕ ತಮ್ಮ ಮೊಬೈಲಿಗೆ ಕಳಿಸುತ್ತದೆ ಎಂದು ಅವನು ಹೇಳಿ ಮುಗಿಸುವುದರೊಳಗಾಗಿ ರಾಯರು ಕೈಯೆತ್ತಿ ತಡೆದರು.

"ಉಪಗ್ರಹಕ್ಕೆ ನನ್ನ ಕಾರು ಕಾಣಿಸುತ್ತದೆಯೆ?"

ತರುಣನು ಬುದ್ಧಿವಂತ. ಉಪಗ್ರಹಕ್ಕೆ ಏನೂ ಕಾಣಿಸುವುದಿಲ್ಲವೆಂದೂ, ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಲ್ಲಿ ತಿರುಗುತ್ತ ಅದು ತಾನಿರುವ ಜಾಗವನ್ನೂ ಹೊತ್ತನ್ನೂ ಒಂದೇ ಸಮನೆ ಸಾರುತ್ತಿರುತ್ತದೆಂದೂ, ನಾಲ್ಕು ಉಪಗ್ರಹಗಳ ಮಾತು ತನ್ನನ್ನು ಮುಟ್ಟಲು ಹಿಡಿದ ಕಾಲವನ್ನು ತೂಗಿ ನೋಡಿ ಡಬ್ಬಿಯೇ ತನ್ನ ಸ್ಥಾನವನ್ನು ಗುಣಿಸಿಕೊಳ್ಳುತ್ತದೆಂದೂ ಅವನು ವಿವರಿಸಿದನು. ನಾಲ್ವರು ಸಾಕ್ಷಿಗಳ ಹೇಳಿಕೆಗಳನ್ನು ತಾಳೆ ನೋಡುವ ಈ ಕ್ರಮ ರಾಯರಿಗೆ ಬಹಳ ಹಿಡಿಸಿತು. ಆ ಸಾಕ್ಷಿಗಳು ಅಮೆರಿಕದ ಸೈನ್ಯಕ್ಕೆ ಸೇರಿದವರೆಂಬುದು ಹಿಡಿಸಲಿಲ್ಲ. ಅದರಲ್ಲಿಯೂ, 2000ನೆಯ ಇಸವಿ ಮೇ ತಿಂಗಳವರೆಗೆ ಅಮೆರಿಕದವರು ಸಾಮಾನ್ಯ ಜನಕ್ಕೆ ಸಿಗುವ ಸಂಕೇತವನ್ನು ಬೇಕೆಂದೇ ಕಲಬೆರಕೆ ಮಾಡಿ, ನೂರು ಮೀಟರಿನವರೆಗೂ ತಪ್ಪು ಬರುವಂತೆ ಇಟ್ಟಿದ್ದರೆಂಬ ಚರಿತ್ರೆಯನ್ನು ಕೇಳಿದ ಮೇಲೆ ರಾಯರು ಪೆನ್ನನ್ನು ಕೆಳಗಿಟ್ಟರು. ನೂರು ಮೀಟರೆಂದರೆ ತಮ್ಮ ಕಾರು ನೆರೆಯ ಶಾನುಭೋಗರ ಮನೆಯ ಬಾವಿಯಲ್ಲಿದೆಯೆಂದು ಯಂತ್ರ ಹೇಳಬಹುದು. ಶಾನುಭೋಗರೊಡನೆ ಕಾಂಪೌಂಡಿನ ವಿಷಯವಾಗಿ ಮೊದಲೇ ವ್ಯಾಜ್ಯವಿದೆ. ಈಗ ಹಾಗೇನಿಲ್ಲ ಸಾರ್, ನಮ್ಮದೇ ನಾವಿಕ್ ಎಂಬ ಉಪಗ್ರಹಗಳಿವೆ, 2013ರಿಂದ ಒಂದೊಂದಾಗಿ ಹಾರಿಸಿದ್ದಾರೆ, ಅದರ ಕೇಂದ್ರ ಇಲ್ಲೇ ಬ್ಯಾಲಾಳಿನಲ್ಲಿದೆ ಎಂದು ತರುಣನು ಸಮಾಧಾನ ಹೇಳಲು, ಬಿಡದಿಯ ಆಚೀಚಿನ ನೆಲಗಳ ಮೇಲೆ ಮೊದಲಿಂದಲೂ ವಿಶ್ವಾಸವಿದ್ದ ರಾಯರು ಕೊಂಚ ಚೇತರಿಸಿಕೊಂಡರು. ಆದರೆ ಆ ತರುಣನು, ಉತ್ಸಾಹದಲ್ಲಿ, ಇದು ಸರ್ಕಾರ ಹೊಸ ಬಸ್ಸು ಟ್ಯಾಕ್ಸಿಗಳಿಗೆಲ್ಲ ಕಡ್ಡಾಯ ಮಾಡಿರುವಂಥದ್ದೇ ಯಂತ್ರ ಎಂದು ಸೇರಿಸಿದನು. ಬಸ್ಸಿಗೆ ಹಾಕುವುದನ್ನು ಈ ಕಾರಿಗೆ ಹಾಕುವುದೆ ಎಂಬ ಪ್ರಶ್ನೆಗೆ ಒಂದು ಹೊಸ ಪುಟ ಬೇಕಾಯಿತು.

ಉಳಿದ ಆಕ್ಷೇಪಣೆಗಳನ್ನು ಬೇಗ ಹೇಳಿಬಿಡುತ್ತೇನೆ. ಕಾರಿನ ತಂತಿ ಕತ್ತರಿಸಿ ಜೋಡಿಸಿದರೆ ಕಾರ್ಖಾನೆಯವರು ವಾರಂಟಿ ಇಲ್ಲವೆನ್ನಬಹುದು. ನೆಲಮಾಳಿಗೆಯಲ್ಲಿ ನಿಲ್ಲಿಸಿದರೆ ಸಂಕೇತ ಮುಟ್ಟದು. ಸಂಕೇತವನ್ನು ಮುಚ್ಚಿಹಾಕುವ ಜಾಮರುಗಳನ್ನು ಬುದ್ಧಿವಂತ ಕಳ್ಳರು ಜೇಬಿನಲ್ಲಿಯೇ ತರುತ್ತಾರೆ. ಅಕ್ಕನ ಮಗ ಹೇಳಿದ ಏರ್‌ಟ್ಯಾಗ್ ಎಂಬ ಬಿಲ್ಲೆ ಅಗ್ಗವೇನೋ ಹೌದು. ಆದರೆ ಅಪರಿಚಿತನ ಜೊತೆಯಲ್ಲಿ ತಾನು ಪಯಣಿಸುತ್ತಿದ್ದರೆ ಆ ಬಿಲ್ಲೆ "ನಾನು ನಿಮ್ಮೊಡನೆ ಬರುತ್ತಿದ್ದೇನೆ" ಎಂದು ಅವನ ಫೋನಿಗೆ ವಿನಯಪೂರ್ವಕವಾಗಿ ಸೂಚನೆ ಕೊಡುತ್ತದಂತೆ. ಕಳ್ಳನಿಗೆ ಇಷ್ಟು ಮರ್ಯಾದೆ ಅನಗತ್ಯವೆಂದು ರಾಯರ ಮತ. ಟೋಲ್ ಗೇಟು ದಾಟಿದರೆ ಫಾಸ್ಟ್ಯಾಗಿನ ಹಣ ಕಟಾಯಿಸಿದ ಸಂದೇಶ ಹೇಗೂ ಬರುತ್ತದೆ. ಕಳ್ಳನು ನೆಲಮಂಗಲದ ಕಡೆ ಹೋದನೋ ಹೊಸೂರಿನ ಕಡೆ ಹೋದನೋ ಅಷ್ಟರಿಂದಲೇ ಗೊತ್ತಾಗದೆ? ಟೋಲಿನ ಹಣ ತಮ್ಮ ಖಾತೆಯಿಂದ ಹೋಗುವುದೆಂಬುದೊಂದೇ ಅದರಲ್ಲಿರುವ ದೋಷ.

ಈ ಚರ್ಚೆಯಲ್ಲಿ ಒಂದೇ ಒಂದು ಸಲ ರಾಯರ ಮನೆಯವರು ಬಾಯಿ ಹಾಕಿದರು. ಕಾರು ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ನಿಂತಿತ್ತೆಂಬುದನ್ನು ಯಂತ್ರವು ದಿನಚರಿಯಂತೆ ಬರೆದಿಡುತ್ತದೆಂದೂ, ಮನೆಯಲ್ಲಿ ಯಾರು ಬೇಕಾದರೂ ತಮ್ಮ ಫೋನಿನಲ್ಲಿ ಅದನ್ನು ನೋಡಬಹುದೆಂದೂ ಆ ತರುಣನು ಹೇಳಿದಾಗ, ಒಳಗಿನಿಂದ ಕಾಫಿ ತರುತ್ತಿದ್ದ ಅವರು ಅಲ್ಲಿಯೇ ನಿಂತರು. ರಾಯರು ಭಾನುವಾರ ಬೆಳಗಿನ ಜಾವ ಐದೂವರೆಗೆ, ಊರು ಏಳುವ ಮೊದಲು, ದೇವನಹಳ್ಳಿಯ ರಸ್ತೆಯಲ್ಲಿ ಕಾರಿನ ಕಾಲು ಸಡಿಲಿಸಿಕೊಂಡು ಬರುವುದುಂಟು. ವೈದ್ಯರು ಬೆಣ್ಣೆ ತುಪ್ಪಗಳನ್ನು ಬಿಡಿಸಿ ಬಹಳ ದಿನಗಳಾಗಿದ್ದರೂ ಅಲ್ಲಿಂದ ಮರಳಿದ ಮೇಲೆ ಮನೆಯ ಉಪಾಹಾರ ಸೇರದಿರುವುದೂ ಉಂಟು. "ಹಾಕಿಸಿಬಿಡಿ, ಒಳ್ಳೇದು" ಎಂದು ಆಕೆ ಹೇಳಿದ ಧ್ವನಿಯಲ್ಲಿ ಏನಿತ್ತೋ, ರಾಯರು ಆ ಸಂಜೆ ಲೆಡ್ಜರಿನಲ್ಲಿ "ಗೃಹಸ್ಥನ ಸ್ವಾತಂತ್ರ್ಯ" ಎಂಬ ಉಪಶೀರ್ಷಿಕೆಯಡಿಯಲ್ಲಿ ಎರಡು ಪುಟ ಬರೆದರು.

ಇವೆಲ್ಲ ಖರ್ಚಿನ, ಬುದ್ಧಿಯ, ಹೆಚ್ಚೆಂದರೆ ದೋಸೆಯ ಪ್ರಶ್ನೆಗಳೆಂದು ನಾನು ಬಹಳ ದಿನ ತಿಳಿದಿದ್ದೆ. ರಾಯರ ಹೃದಯದ ವ್ರಣ ಬೇರೆಯ ಕಡೆ ಇದ್ದುದು ನಮ್ಮ ಬೀಟಿನ ಪೊಲೀಸಿನವನು ಬಂದ ದಿನ ತಿಳಿಯಿತು. ಅನುಭವಸ್ಥನ ಮಾತು ಕೇಳೋಣವೆಂದು ರಾಯರು ಅವನನ್ನು ಗೇಟಿನೊಳಗೆ ಕರೆದು, ಹೊದಿಕೆಯನ್ನು ಸರಿಸಿ, ಕಾರಿನ ದರ್ಶನ ಮಾಡಿಸಿ, ಇದಕ್ಕೆ ಟ್ರ್ಯಾಕರ್ ಬೇಕೆ ಎಂದು ಕೇಳಿದರು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡು ನಕ್ಕ.

"ಇದನ್ನ ಯಾವನ್ ಸಾರ್ ಕದೀತಾನೆ? ಗೇಟಿಂದ ಆಚೆ ತಂದ್ರೆ ಬೀದಿ ಜನ ಎಲ್ಲಾ ತಿರುಗಿ ನೋಡ್ತಾರೆ. ಮೂರ್ ಹಂಪ್ಸ್ ದಾಟೋ ಹೊತ್ಗೆ ನಾವ್ ನಡ್ಕೊಂಡ್ ಹೋಗಿ ಹಿಡೀಬೋದು. ಬಿಚ್ಚಿ ಮಾರೋಣ ಅಂದ್ರೆ ಇದರ ಪಾರ್ಟ್ಸ್ ಯಾವನ್ ತಗೋತಾನೆ? ಕಳ್ಳಂಗೆ ಬೇಕಾಗಿರೋದು ಸ್ಪ್ಲೆಂಡರ್ ಸಾರ್. ನೀವ್ ಆರಾಮಾಗಿ ಮಲಗಿ."

ಬೇರೆಯವರಾಗಿದ್ದರೆ ಈ ಆಶ್ವಾಸನೆಯಿಂದ ಹನ್ನೆರಡು ಸಾವಿರ ಉಳಿಯಿತೆಂದು ಸಂತೋಷಪಡುತ್ತಿದ್ದರು. ರಾಯರು ಅಂದು ರಾತ್ರಿ ಊಟ ಮಾಡಲಿಲ್ಲ. ಹೆಣ್ಣು ನೋಡಲು ಯಾರೂ ಬರುವುದಿಲ್ಲ, ನೀವು ಬಾಗಿಲು ತೆರೆದೇ ಇಡಬಹುದು ಎಂದು ಪುರೋಹಿತರ ಬಾಯಿಂದ ಕೇಳಿದ ಕನ್ಯಾಪಿತೃವಿನಂತೆ ಅವರ ಮುಖ ಕಳೆಗುಂದಿತ್ತು. ಆ ಕಾರನ್ನು ನೋಡಿ ಅಯ್ಯೋ ಎಂದವರು ಬಂಧುಗಳು. ನಕ್ಕವರು ಬೀದಿಯ ಹುಡುಗರು. ಪೆಟ್ರೋಲಿನ ಲೆಕ್ಕ ಕೇಳಿದವರು ಸ್ನೇಹಿತರು. ಅದರ ಯೋಗ್ಯತೆಯನ್ನು ಅರಿತು, ಅದಕ್ಕಾಗಿ ಆಸೆಪಟ್ಟು, ಅರ್ಧರಾತ್ರಿಯಲ್ಲಿ ಎದ್ದು ಬಂದು, ಸೆರೆಮನೆಗಾದರೂ ಸಿದ್ಧನಾಗಿ ಅದರ ಮೇಲೆ ಕೈಯಿಡುವ ರಸಿಕನು ಲೋಕದಲ್ಲಿ ಒಬ್ಬನಾದರೂ ಇರಬೇಕೆಂದು ರಾಯರು ಆ ತನಕ ನಂಬಿದ್ದರು. ಆ ರಸಿಕನಿಗೂ ಸ್ಪ್ಲೆಂಡರೇ ಬೇಕೆಂದು ಪೊಲೀಸಿನವನು ಹೇಳಿದನು.

ಅಂದಿನಿಂದ ಅವರ ಅಧ್ಯಯನದ ದಿಕ್ಕು ಬದಲಾಯಿತು. ತಮ್ಮ ಕಾರಿನಂಥ ಕಾರುಗಳನ್ನು ಕಳ್ಳರು ಕದ್ದೇ ಕದಿಯುತ್ತಾರೆಂಬುದಕ್ಕೆ ಪೂರ್ವನಿದರ್ಶನಗಳನ್ನು ಅವರು ದೇಶದೇಶಾಂತರಗಳಿಂದ ಸಂಗ್ರಹಿಸತೊಡಗಿದರು. 1964ರ 'ಗೋಲ್ಡ್‌ಫಿಂಗರ್' ಚಿತ್ರದಲ್ಲಿ ಜೇಮ್ಸ್ ಬಾಂಡನ ಆಸ್ಟನ್ ಮಾರ್ಟಿನ್ ಕಾರು ವೈರಿಯ ವಾಹನ ಎಲ್ಲಿದೆಯೆಂಬುದನ್ನು ನಕ್ಷೆಯ ಮೇಲೆ ತೋರಿಸುವ ಯಂತ್ರವನ್ನು ಹೊಂದಿತ್ತಷ್ಟೆ. ಜಗತ್ತಿನಲ್ಲಿ ಕೋಟಿಗಟ್ಟಲೆ ಜನ ಟ್ರ್ಯಾಕರ್ ಎಂಬುದನ್ನು ಮೊದಲು ಕಂಡದ್ದು ಆ ಕಾರಿನಲ್ಲಿ. ಚಿತ್ರೀಕರಣಕ್ಕೆ ಬಳಸಿದ್ದ ಆ ಕಾರನ್ನೇ 1997ರಲ್ಲಿ ಫ್ಲಾರಿಡಾದ ಬೋಕಾ ರಟೋನಿನ ವಿಮಾನದ ಷೆಡ್ಡೊಂದರಿಂದ ಯಾರೋ ಹೊತ್ತುಕೊಂಡು ಹೋದರು. "ನೋಡಿದಿರಾ, ಟ್ರ್ಯಾಕರಿನ ಮೂಲಪುರುಷನಿಗೇ ಟ್ರ್ಯಾಕರ್ ಇರಲಿಲ್ಲ!" ಎಂದು ರಾಯರು ಹೇಳುವಾಗ ಅವರ ಕಣ್ಣುಗಳಲ್ಲಿದ್ದುದು ವ್ಯಥೆಯಲ್ಲ. ಲಾಸ್ ಏಂಜಲೀಸಿನ ಕಥೆಯಂತೂ ಅವರಿಗೆ ಕಂಠಪಾಠ. ಅಲ್ಲಿ 1974ರಲ್ಲಿ ಕಳವಾದ ಫೆರಾರಿಯ ಡೀನೋ ಕಾರೊಂದು 1978ರಲ್ಲಿ ಒಂದು ಮನೆಯ ಹಿತ್ತಲಿನ ಮಣ್ಣಿನೊಳಗಿಂದ, ಇಡೀ ಕಾರಿಗೆ ಕಾರೇ, ಅಗೆದಾಗ ಸಿಕ್ಕಿತು. ಇದನ್ನು ಓದಿದವರೇ ಕಂಪನಿಯ ತರುಣನಿಗೆ ಫೋನು ಮಾಡಿ, "ಕಳ್ಳನು ಕಾರನ್ನು ಹೂತಿಟ್ಟರೆ ನಿಮ್ಮ ಯಂತ್ರ ಏನು ಮಾಡುತ್ತದೆ?" ಎಂದು ಕೇಳಿದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ಬೆಂಗಳೂರಿನಲ್ಲಿ ಕಾರು ಹೂಳುವಷ್ಟು ಸೈಟು ಇರುವವನು ಕಾರು ಯಾಕೆ ಸಾರ್ ಕದೀತಾನೆ?" ಎಂದನಂತೆ. ಈ ಉತ್ತರವನ್ನು ರಾಯರು ಲೆಡ್ಜರಿನಲ್ಲಿ ಬರೆದುಕೊಂಡಿದ್ದಾರೆ. ಅದರ ಮುಂದೆ ಕೆಂಪು ಮಸಿಯ ಒಂದು 'ಸರಿ' ಗುರುತು ಇದೆ; ಇಡೀ ಲೆಡ್ಜರಿನಲ್ಲಿ ಆ ಗುರುತು ಸಿಕ್ಕಿರುವುದು ಅದಕ್ಕೆ ಮಾತ್ರ.

ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಹತ್ತಿರ ಹೋದರೆ ತಾನಾಗಿ ತೆರೆದುಕೊಳ್ಳುವ ಕಾರುಗಳನ್ನು, ಮನೆಯೊಳಗಿನ ಕೈಯ ಸಂಕೇತವನ್ನು ಗೋಡೆಯಾಚೆಯಿಂದ ಹಿಡಿದು ಕಾರಿಗೆ ರವಾನಿಸುವ ಎರಡು ಪೆಟ್ಟಿಗೆಗಳ ಸಹಾಯದಿಂದ ಇಂಗ್ಲೆಂಡಿನ ಕಳ್ಳರು ಒಂದು ನಿಮಿಷದಲ್ಲಿ ಸಾಗಿಸುತ್ತಾರೆಂದು ಓದಿದ ಮೇಲೆ, ಕೈಯನ್ನು ಲೋಹದ ಡಬ್ಬಿಯಲ್ಲಿಡತಕ್ಕದ್ದೆಂದು ನಿಷ್ಕರ್ಷೆಯಾಯಿತು. ಮನೆಯವರು ಕೋಡುಬಳೆಯ ಸ್ಟೀಲ್ ಡಬ್ಬಿಯೊಂದನ್ನು ಖಾಲಿ ಮಾಡಿ ಕೊಟ್ಟರು. ಪೂರ್ತಿ ಖಾಲಿಯಾಗಿರಲಿಲ್ಲವೆಂಬುದು ಮುಂದಿನ ಭಾನುವಾರ ರಾಯರ ಜುಬ್ಬಾದ ಜೇಬಿನ ಎಣ್ಣೆಯಿಂದ ತಿಳಿಯಿತು.

ಬ್ಯಾಟರಿ ಇಳಿದುಹೋದದ್ದು ಈ ಸಂದರ್ಭದಲ್ಲಿಯೇ. ಮಳೆಗಾಲದಲ್ಲಿ ಕೆಲವು ವಾರ ಕಾರು ನಿಂತಲ್ಲಿಯೇ ನಿಂತು, ಅದರ ಅಲಾರಮ್ಮು ಮೊದಲಾದವು ಹಗಲು ರಾತ್ರಿ ಕಾವಲು ಕಾಯುತ್ತ ಬ್ಯಾಟರಿಯ ಸತ್ತ್ವವನ್ನೆಲ್ಲ ಹೀರಿಬಿಟ್ಟಿದ್ದವು. ಆ ಜಾತಿಯ ಕಾರಿನಲ್ಲಿ ಬ್ಯಾಟರಿ ಇರುವುದು ಮುಂದಿನ ಪೆಟ್ಟಿಗೆಯೊಳಗೆ. ಪೆಟ್ಟಿಗೆಯ ಮುಚ್ಚಳ ತೆರೆಯುವುದು ವಿದ್ಯುತ್ತಿನಿಂದ. ವಿದ್ಯುತ್ತು ಬರಬೇಕಾದದ್ದು ಬ್ಯಾಟರಿಯಿಂದ. ಈ ಅನ್ಯೋನ್ಯಾಶ್ರಯ ದೋಷಕ್ಕೆ ಕಾರ್ಖಾನೆಯವರೇ ಒಂದು ಪರಿಹಾರವನ್ನು ಪುಸ್ತಕದಲ್ಲಿ ಬರೆದಿರುತ್ತಾರೆ: ಚಾಲಕನ ಕಾಲಿನ ಬಳಿ ಫ್ಯೂಸುಗಳ ಮನೆಯೊಂದುಂಟು, ಅದರಲ್ಲಿ ಒಂದು ಕೆಂಪು ಕೊಂಡಿಯನ್ನು ಹೊರಕ್ಕೆ ಎಳೆದು, ಬೇರೆ ಬ್ಯಾಟರಿಯ ಧನ ತಂತಿಯನ್ನು ಅದಕ್ಕೂ ಋಣ ತಂತಿಯನ್ನು ಬಾಗಿಲಿನ ಲೋಹದ ಕೊಂಡಿಗೂ ತಗುಲಿಸಿದರೆ ಮುಚ್ಚಳ ಬಿಡಿಸಿಕೊಳ್ಳುವಷ್ಟು ಪ್ರಾಣ ಬರುತ್ತದೆ. ಬೇರೆ ಬ್ಯಾಟರಿಯನ್ನು ಒದಗಿಸಿದವನು ಮೂಲೆಯ ಆಟೋ ನಿಲ್ದಾಣದ ಒಬ್ಬ ಪುಣ್ಯಾತ್ಮ. ತನ್ನ ಆಟೋದ ಬ್ಯಾಟರಿಯನ್ನು ಬಿಚ್ಚಿ ಕಂಕುಳಲ್ಲಿ ಇರಿಸಿಕೊಂಡು ಬಂದು, "ಎಷ್ಟ್ ಕೋಟಿ ಯಜಮಾನ್ರೆ ಇದು?" ಎಂದು ಕೇಳುತ್ತಲೇ ತಂತಿ ಹಿಡಿದು ಕುಳಿತ.

ಆಗಿನ ದೃಶ್ಯವನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಬೆಳಗಿನ ಆರು ಗಂಟೆ, ಇನ್ನೂ ಮಬ್ಬು. ಬನಿಯನ್ನು ಪಂಚೆಯ ಒಬ್ಬ ವೃದ್ಧರು ಕಾರಿನ ಬಾಗಿಲಲ್ಲಿ ಬೋರಲಾಗಿ ಬಿದ್ದು, ತಲೆಯನ್ನು ಬ್ರೇಕಿನ ಕೆಳಗೆ ತೂರಿಸಿದ್ದಾರೆ. ಕಾಲುಗಳು ಹೊರಗೆ ಗಾಳಿಯಲ್ಲಿವೆ. ಪಕ್ಕದಲ್ಲಿ ಖಾಕಿ ಅಂಗಿಯವನೊಬ್ಬ ಎರಡು ತಂತಿಗಳನ್ನು ಹಿಡಿದು "ಕೆಂಪು ಎಲ್ಲಿ, ಕೆಂಪು ಎಲ್ಲಿ" ಎಂದು ಪಿಸುಗುಟ್ಟುತ್ತಿದ್ದಾನೆ. ತಂತಿ ತಗುಲಿದ ಕ್ಷಣದಲ್ಲಿಯೇ, ಪ್ರಾಣ ಮರಳಿದ ಕಾರು ತನ್ನನ್ನು ಯಾರೋ ಅಪಹರಿಸುತ್ತಿದ್ದಾರೆಂದು ಭಾವಿಸಿ, ಬೀದಿಯ ಕೊನೆಗೆ ಕೇಳಿಸುವಂತೆ ಆರ್ತನಾದ ಮಾಡಿತು. ಅದನ್ನು ನಿಲ್ಲಿಸತಕ್ಕ ಬೀಗದ ಕೈ ಮನೆಯೊಳಗೆ ಕೋಡುಬಳೆಯ ಡಬ್ಬಿಯಲ್ಲಿತ್ತು. ಪಕ್ಕದ ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದಿದ್ದ, ರಾಯರ ಪರಿಚಯವಿಲ್ಲದ ಸೆಕ್ಯುರಿಟಿಯವನು ಗೇಟು ಹಾರಿ ಬಂದು ರಾಯರ ಎರಡು ಕಾಲುಗಳನ್ನೂ ಬಿಗಿಯಾಗಿ ಹಿಡಿದುಕೊಂಡ. ಮಹಡಿಗಳಿಂದ ಜನ ಮೊಬೈಲುಗಳನ್ನು ಚಾಚಿದರು. ಆಟೋದವನು ಬ್ಯಾಟರಿಯನ್ನು ಅಪ್ಪಿಕೊಂಡು, ತಾನು ಬರೀ ಬಾಡಿಗೆಗೆ ಬಂದವನೆಂದು ಸಾರಿದನು.

ಮನೆಯವರು ಡಬ್ಬಿಸಹಿತ ಬಂದು ರಾಯರನ್ನು ಬಿಡಿಸಿದ ಮೇಲೆ, ಅವರು ಕೋಪದಿಂದ ಕುದಿಯುವರೆಂದು ನಾವೆಲ್ಲ ಎಣಿಸಿದ್ದೆವು. ಬದಲಾಗಿ ಅವರು ಪಂಚೆಯನ್ನು ಸರಿಪಡಿಸಿಕೊಂಡು ಆ ಸೆಕ್ಯುರಿಟಿಯವನ ಬೆನ್ನು ತಟ್ಟಿ ಕಾಫಿ ಕೊಡಿಸಿದರು. "ಹಿಡಿದನಲ್ಲ!" ಎಂದು ನನ್ನ ಕಿವಿಯಲ್ಲಿ ಹೇಳಿದರು. "ಅಂದರೆ, ಈ ಕಾರನ್ನು ಕದಿಯುವುದಕ್ಕೆ ಜನ ಬರಬಹುದು ಅಂತ ಅವನಿಗೆ ತೋಚಿತಲ್ಲ!" ಪೊಲೀಸಿನವನು ಮಾಡಿದ್ದ ಗಾಯ ಅಂದು ಮಾಯಿತೆಂದು ನನ್ನ ಅಂದಾಜು.

ಆದರೂ ಯಂತ್ರ ಬರಲಿಲ್ಲ, ಬಂದದ್ದು ಸ್ಟಿಕ್ಕರು. ಅದಕ್ಕೆ ಕಾರಣರಾದವರು ಅಮೆರಿಕದ ಏರ್ಸ್ ಮತ್ತು ಲೆವಿಟ್ ಎಂಬ ಇಬ್ಬರು ವಿದ್ವಾಂಸರು. ಅಲ್ಲಿ ಮೆಸಾಚುಸೆಟ್ಸ್ ರಾಜ್ಯದಲ್ಲಿ 1986ರಲ್ಲಿಯೇ ಲೋಜ್ಯಾಕ್ ಎಂಬ ಸಾಧನ ಬಂದಿತ್ತು. ಕಾರಿನಲ್ಲಿ ಬಚ್ಚಿಟ್ಟ ಆ ಪೆಟ್ಟಿಗೆಯ ರೇಡಿಯೋ ಸಂಕೇತವನ್ನು ಹಿಡಿದು ಪೊಲೀಸರು ಕಳ್ಳನನ್ನು ಮುಟ್ಟುತ್ತಿದ್ದರು. ಅದು ಇರುವ ಕಾರಿಗೆ ಹೊರಗಡೆ ಯಾವ ಗುರುತೂ ಇರುತ್ತಿರಲಿಲ್ಲ. ಯಾವ ಕಾರಿನಲ್ಲಿದೆಯೆಂದು ತಿಳಿಯದೆ ಕಳ್ಳರು ಎಲ್ಲ ಕಾರುಗಳಿಗೂ ಅಂಜುತ್ತಾರೆ, ಹಣ ತೆತ್ತವನು ಒಬ್ಬ, ಫಲ ಉಂಡವರು ಊರಿನವರೆಲ್ಲ ಎಂದು ಈ ವಿದ್ವಾಂಸರು 1998ರಲ್ಲಿ ಲೆಕ್ಕಹಾಕಿ ತೋರಿಸಿದರು. ಇದನ್ನು ಓದಿ ರಾಯರು ಎರಡು ದಿನ ಗಾಢವಾದ ಆಲೋಚನೆಯಲ್ಲಿದ್ದರು. ತಮ್ಮ ಹನ್ನೆರಡು ಸಾವಿರದಿಂದ ಶಾನುಭೋಗರ ಹಳೆಯ ಕಾರಿಗೂ ರಕ್ಷಣೆ ದೊರೆಯುವುದೆಂಬುದು ಅವರಿಗೆ ಸಹಿಸದ ಮಾತು. ಅದೇ ನ್ಯಾಯವನ್ನು ತಿರುಗಿಸಿದರೆ? ಕಳ್ಳನು ಹೆದರುವುದು ಯಂತ್ರಕ್ಕಲ್ಲವಷ್ಟೆ, ಯಂತ್ರ ಇರಬಹುದೆಂಬ ಶಂಕೆಗೆ. ಶಂಕೆಯ ಬೆಲೆ ಜೆ.ಸಿ. ರಸ್ತೆಯಲ್ಲಿ ಅರವತ್ತು ರೂಪಾಯಿ. "ಈ ವಾಹನದಲ್ಲಿ ಜಿಪಿಎಸ್ ಅಳವಡಿಸಲಾಗಿದೆ" ಎಂಬ ಹಳದಿ ಚೀಟಿ ಕಾರಿನ ಗಾಜಿನ ಮೇಲೆ ಕುಳಿತಿತು. ನಿಜಾಂಶವು ರಾಯರಿಗೆ, ಅವರ ಮನೆಯವರಿಗೆ, ಅಕ್ಕನ ಮಗನಿಗೆ ಮತ್ತು ನನಗೆ ಮಾತ್ರ ತಿಳಿದಿತ್ತು. ನಮ್ಮಿಂದ ಮಾತು ತೆಗೆದುಕೊಂಡಿದ್ದರು.

ಕಳೆದ ಆಷಾಢದ ಒಂದು ರಾತ್ರಿ, ರಾಯರು ಇಷ್ಟು ಕಾಲದಿಂದ ನಿರೀಕ್ಷಿಸುತ್ತಿದ್ದ ಅತಿಥಿ ಬಂದನು. ಗೇಟಿನ ಬೀಗವನ್ನು ಸದ್ದಿಲ್ಲದೆ ತೆಗೆದು, ಪೋರ್ಟಿಕೋಗೆ ಬಂದು, ಕಾರಿಗೆ ಹೊದಿಸಿದ್ದ ದಪ್ಪನೆಯ ಬೆಳ್ಳಿಬಣ್ಣದ ಹೊದಿಕೆಯನ್ನು ಅಚ್ಚುಕಟ್ಟಾಗಿ ಬಿಚ್ಚಿ, ಕಾರನ್ನು ಕಣ್ಣಾರೆ ನೋಡಿ, ಹೊದಿಕೆಯನ್ನು ಮಡಿಸಿ ತೆಗೆದುಕೊಂಡು ಹೋದನು. ಬೆಳಿಗ್ಗೆ ಕಾರು ಮಳೆಹನಿಗಳಿಂದ ತೊಯ್ದು ಬೆತ್ತಲೆ ನಿಂತಿತ್ತು. ಮೇಲೆ ಒಂದು ಗೀರೂ ಇರಲಿಲ್ಲ. ಬಾಗಿಲ ಹಿಡಿಯನ್ನು ಮುಟ್ಟಿದ ಗುರುತೂ ಇರಲಿಲ್ಲ.

ರಾಯರು ಮೊದಲು ಮಾತಿಲ್ಲದೆ ಕುಳಿತರು. ಆಮೇಲೆ ಅವರಿಗೆ ಒಂದು ಯುಕ್ತಿ ಹೊಳೆಯಿತು: ಅವನು ಬಂದದ್ದು ಕಾರಿಗೇ, ಹೊದಿಕೆ ತೆಗೆದ ಮೇಲೆ ಸ್ಟಿಕ್ಕರನ್ನು ಓದಿದನು, ಓದಿ ಗಾಬರಿಯಾಗಿ, ಬರಿಗೈಯಲ್ಲಿ ಹೋಗಲಾರದೆ, ಕೈಯಲ್ಲಿದ್ದ ಹೊದಿಕೆಯನ್ನೇ ಒಯ್ದನು. ಬೀದಿಯ ಅರ್ಧ ಜನ ಗೇಟಿನ ಬಳಿ ನೆರೆದಿದ್ದರು, ಶಾನುಭೋಗರೂ ಇದ್ದರು, ಎಲ್ಲರಿಗೂ ರಾಯರು ಇದನ್ನು ಉಚ್ಚಕಂಠದಿಂದ ವಿವರಿಸುತ್ತಿರುವಾಗ ಅದೇ ಬೀಟಿನ ಪೊಲೀಸಿನವನು ಬಂದನು. ಕಾರಿನ ಸುತ್ತ ಒಂದು ಸುತ್ತು ಹೋದನು. ಸ್ಟಿಕ್ಕರಿನ ಮುಂದೆ ನಿಂತು ಅಕ್ಷರ ಅಕ್ಷರ ಓದಿದನು.

"ಸಾರ್, ಜಿಪಿಎಸ್ ಹಾಕ್ಸಿದೀರಾ?"

ರಾಯರು ನನ್ನ ಕಡೆ ನೋಡಿದರು. ನಾನು ಶಾನುಭೋಗರ ಕಡೆ ನೋಡಿದೆ. "ಹೂಂ" ಎಂದರು ರಾಯರು.

"ಒಳ್ಳೇದಾಯ್ತು ಬಿಡಿ. ಇಷ್ಟ್ ಹುಷಾರಾಗಿರೋರು ಕವರ್‌ಗೂ ಒಂದ್ ಹಾಕ್ಸೇ ಇರ್ತೀರಿ. ಮೊಬೈಲ್ ತೆಗ್ದು ಎಲ್ಲಿದೆ ನೋಡಿ ಹೇಳ್ಬಿಡಿ ಸಾರ್, ಗಾಡಿಲಿ ಹೋಗಿ ಹಿಡ್ಕೊಂಡ್ ಬಂದ್ಬಿಡ್ತೀನಿ."

ಗೇಟಿನ ಬಳಿಯ ಜನ ಒಳಕ್ಕೆ ಎರಡು ಹೆಜ್ಜೆ ಬಂದರು. ಮನೆಯವರು ಬಾಗಿಲಲ್ಲಿ ನಿಂತು ಸೆರಗನ್ನು ಬಾಯಿಗೆ ಹಿಡಿದುಕೊಂಡರು. ರಾಯರು ಜುಬ್ಬಾದ ಜೇಬಿನಿಂದ ಕನ್ನಡಕವನ್ನು ತೆಗೆದು, ಒರೆಸಿ, ಮೂಗಿನ ಮೇಲಿಟ್ಟು, ಮೊಬೈಲನ್ನು ಕಣ್ಣಿನ ಸಮಕ್ಕೆ ಎತ್ತಿ ಹಿಡಿದರು. ಪಕ್ಕದಲ್ಲಿಯೇ ಇದ್ದ ನನಗೆ ಅದರ ಮೇಲೆ ಕಾಣಿಸುತ್ತಿದ್ದದ್ದು ಅಂದಿನ ಪಂಚಾಂಗ. ಅದನ್ನೇ ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಸರಿಸಿ, ಹುಬ್ಬು ಗಂಟಿಕ್ಕಿ, ಬಹಳ ಹೊತ್ತು ಪರಿಶೀಲಿಸಿ, ರಾಯರು ಗಂಭೀರವಾಗಿ ಹೇಳಿದರು:

"ಇನ್ನೂ ಬೆಂಗಳೂರು ದಾಟಿಲ್ಲ."